ತಾತನ ಆಶೀರ್ವಾದ

ಅರಕಲಗೂಡಿನ ಆಸ್ಪತ್ರೆಯಲ್ಲಿ ಗಾಯಗಳಿಗೆ ಕಟ್ಟು ಹಾಕುತ್ತಿದ್ದ ಆ ಕ್ರೈಸ್ತ ಸನ್ಯಾಸಿನಿಯನ್ನು ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಸುಡಾನಿನ ನಿರಾಶ್ರಿತರ ಶಿಬಿರದಲ್ಲಿ ಮಕ್ಕಳ ಆರೈಕೆ ಮಾಡುವವರು, ರಜೆಗೆಂದು ಊರಿಗೆ ಬಂದರೂ ಸುಮ್ಮನೆ ಕೂರಲಿಲ್ಲ. ಯಾರನ್ನೇ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾ, ‘ನಿಧಾನ, ನಂಗೇನೂ ಅರ್ಜೆಂಟಿಲ್ಲ’ ಎನ್ನುತ್ತಿದ್ದರು.

ನಾನು ಕರೆದೊಯ್ದಿದ್ದ ನನ್ನ ತಾತ ಸಕ್ಕರೆ ಕಾಯಿಲೆಯಿಂದಾದ ಕಾಲಿನ ಹುಣ್ಣನ್ನು ಪಂಚೆಯಲ್ಲಿ ಮುಚ್ಚಿಕೊಂಡರು. ‘ಮುಟ್ಬ್ಯಾಡ ಕಣವ್ವ, ನಾತ ಬತ್ತದೆ.’

ಸಿಸ್ಟರ್ ನೆಲದ ಮೇಲೆ ಕೂತು ಪಾದದತ್ತ ಬಾಗಿದರು. ಕಾಲಿಗೆ ಬಿದ್ದಳೆಂದುಕೊಂಡ ತಾತ ಅವರ ತಲೆಯ ಮೇಲೆ ಕೈಯಿಟ್ಟು, ‘ಮನೆ ತುಂಬ ಮಕ್ಕಳಾಗ್ಲಿ ಕಣವ್ವ’ ಎಂದುಬಿಟ್ಟರು. ತಾತ ಕೈ ತೆಗೆಯುವವರೆಗೂ ಸಿಸ್ಟರ್ ತಲೆ ಎತ್ತಲಿಲ್ಲ.

ಸಿಸ್ಟರ್ ಮದುವೆಯಾಗುವಂತಿಲ್ಲ ಎಂದು ಆಮೇಲೆ ನಾನೇ ತಾತನಿಗೆ ಹೇಳಿದೆ. ಹುಣ್ಣು ಮಾಯುತ್ತಾ ಬಂದರೂ ಅವರಿಗೆ ಅದೇ ಕೊರಗು: ‘ಎಂಥಾ ಮಾತಾಡ್ಬುಟ್ಟೆ ಕಣ್ಲಾ.’

ಶಿಬಿರದ ಮಕ್ಕಳ ಬಳಿಗೆ ಮರಳುವ ದಿನ ಸಿಸ್ಟರ್ ನಮ್ಮ ಮನೆಗೆ ಬಂದರು. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಈ ಸಲ ಅವರ ಕೈಯಲ್ಲಿ ಹತ್ತಿಯಾಗಲಿ ಔಷಧಿಯಾಗಲಿ ಇರಲಿಲ್ಲ. ಸುಮ್ಮನೆ ಬಂದು ತಾತನ ಪಾದಕ್ಕೆ ಬಾಗಿದರು. ತಾತ ಎತ್ತಿದ ಕೈ ಅಲ್ಲೇ ನಿಂತಿತು.

‘ಏನಂತ ಆಸೀರ್ವಾದ ಮಾಡ್ಲವ್ವ?’

‘ಅವತ್ತು ಮಾಡಿದ್ದನ್ನೇ ಮಾಡಿ ತಾತ. ನಿಧಾನ, ನಂಗೇನೂ ಅರ್ಜೆಂಟಿಲ್ಲ.’