ಗಿರಣಿಯ ನಾಯಿ ರಸ್ತೆ ದಾಟಿದ್ದು

ಮೊನ್ನೆ ನರಸಿಂಹರಾಜಪುರದ ಪೇಟೆಯಲ್ಲಿ ನಡೆಯುತ್ತಿದ್ದಾಗ, ಆಗಷ್ಟೇ ಬೀಸಿದ ಅಕ್ಕಿಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಂತು. ಕಾಲು ತಾನಾಗಿಯೇ ನಿಂತಿತು. ಕೊಪ್ಪದ ಗಿರಣಿ ಅಕ್ಕ ನೆನಪಾದರು... ಅವರ ಹಿಂದೆಯೇ ಆ ನಾಯಿ.

ಅದನ್ನು ನಾನು ಮೊದಲು ಕಂಡ ಸಂಜೆ ಗಿರಣಿಯಲ್ಲಿದ್ದದ್ದು ಮೂರೇ ಜನ. ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡ ಅಕ್ಕ, ಪಕ್ಕದ ಹೋಟೆಲಿನವರು, ರಾಗಿ ಡಬ್ಬಿ ಹಿಡಿದ ನಾನು. ಯಂತ್ರದ ಹಿಂದೆ, ಚೀಲಗಳ ಸಂದಿಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

"ಎಂತದು ಅಕ್ಕ, ಬೆಕ್ಕಾ?" ಎಂದೆ.

"ನಾಯಿ ಮಾರಾಯ. ಆದ್ರೆ ಅದು ಅದಕ್ಕೇ ಗೊತ್ತಿದ್ದ ಹಾಗಿಲ್ಲ."

ಶೆಟ್ಟಿಕೊಪ್ಪದ ಕಡೆ ಯಾರೋ ಅದನ್ನು ಮರಿಯಿಂದಲೇ ಗೂಡಿನಲ್ಲಿ ಕೂಡಿ, ಗೂಡಿಗೆ ಗೋಣಿ ಮುಚ್ಚಿ ಸಾಕಿದ್ದರಂತೆ. ಜನರ ಮುಖ ತೋರಿಸದೆ ಬೆಳೆಸಿದರೆ ನಾಯಿ ಕಾವಲಿಗೆ ಹುಲಿಯಂತಾಗುತ್ತದೆ ಎಂದು ಅವರ ನಂಬಿಕೆ. ಇದು ಹುಲಿಯಾಗಲಿಲ್ಲ. ಕೊಡೆ, ಕೋಳಿ, ತಂತಿಯ ಮೇಲೆ ಒಣಹಾಕಿದ ಲುಂಗಿ, ಎಲ್ಲಕ್ಕೂ ನಡುಗಿತು. ಕಾಡಿಗೆ ಬಿಟ್ಟುಬರಲು ಹೊರಟವರ ಕೈಯಿಂದ ಅಕ್ಕ ಇಸಿದುಕೊಂಡು, ಗೋಣಿಚೀಲದಲ್ಲಿ ಹಾಕಿ ಆಟೋದಲ್ಲಿ ತಂದಿದ್ದರು.

ನನಗೆ ಸೋಜಿಗವೆಂದರೆ, ಗಿರಣಿಯ ಗದ್ದಲಕ್ಕೆ ಅದು ಹೆದರುತ್ತಲೇ ಇರಲಿಲ್ಲ. ಕರೆಂಟು ಹೋಗಿ ಯಂತ್ರ ನಿಂತರೆ ನಡುಕ ಶುರು. ಯಾಕಿರಬಹುದು?

"ಮಿಲ್ಲು ಓಡುವಾಗ ಯಾರೂ ಅದನ್ನ ಮಾತಾಡ್ಸೂದಿಲ್ಲ ನೋಡು. ನಿಂತ ಕೂಡ್ಲೆ ಎಲ್ರೂ ಶುರು ಮಾಡ್ತಾರೆ" ಎಂದರು ಅಕ್ಕ.

ಹೌದೇ ಹೌದು. ಎದುರು ಸಿಕ್ಕವರನ್ನು ಮಾತಾಡಿಸದೆ ಇರಲು ನಮ್ಮ ಜನಕ್ಕೆ ಬರುವುದಿಲ್ಲ. ಬಗ್ಗಿ ಲೊಚಗುಟ್ಟುವವರು, ಬಿಸ್ಕತ್ತು ಚಾಚುವವರು, "ಎಂತ ಮಾರಾಯ, ಊಟ ಆಯ್ತಾ?" ಎಂದು ನಾಯಿಯನ್ನೂ ಕೇಳುವವರು. "ನಿಮ್ಮ ಉಪಚಾರ ಸಾಕು, ಅದರ ಕಡೆ ನೋಡ್ಬೇಡಿ" ಎಂದು ಅಕ್ಕ ಗದರುತ್ತಿದ್ದರು. ತಾವು ಮಾತ್ರ ಅದಕ್ಕೆ ಬೆನ್ನು ಹಾಕಿ, ಕಾಳು ಇಳಿಯಲೆಂದು ಯಂತ್ರದ ಬಾಯಿಗೆ ಕೋಲಿನಿಂದ ಟಕ್ ಟಕ್ ತಟ್ಟುತ್ತಾ ನಿಂತಿರುತ್ತಿದ್ದರು. ಎಷ್ಟೋ ತಿಂಗಳಾದ ಮೇಲೆ ಅದರ ಮೂಗು ಅವರ ಹಿಮ್ಮಡಿಗೆ ತಾಗಿತು. ಅಕ್ಕ ತಿರುಗಲಿಲ್ಲ. ತಟ್ಟುವುದನ್ನೂ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಕಟ್ಟಡದ ಯಜಮಾನರು ಹೊಸದಾಗಿ ಕಟ್ಟಿಸಬೇಕು, ಗಿರಣಿ ಖಾಲಿ ಮಾಡಿ ಎಂದರು. ಅಕ್ಕನ ಮನೆ ರಸ್ತೆಯ ಆಚೆಗೇ. ಆದರೆ ಬಂದ ದಿನದಿಂದ ನಾಯಿ ಗಿರಣಿಯ ಹೊಸ್ತಿಲು ದಾಟಿರಲಿಲ್ಲ.

"ಚೀಲಕ್ಕೆ ತುಂಬಿ ಹೊತ್ಕೊಂಡು ಹೋಗೂದಪ್ಪ. ಅದ್ಕೂ ಪಂಚಾಂಗ ನೋಡ್ಬೇಕಾ?" ಎಂದರು ಹೋಟೆಲಿನವರು.

"ಒಂದ್ಸಲ ತುಂಬಿದ್ದನ್ನೇ ಅದು ಮರೆತಿಲ್ಲ. ಇನ್ನೊಂದ್ಸಲ ತುಂಬಿದ್ರೆ ನಾನೂ ಅದಕ್ಕೆ ಗೂಡಿಗೆ ಹಾಕಿದವಳೇ."

ಯಂತ್ರ ಬಿಚ್ಚುವವರು ಬರುವ ಹಿಂದಿನ ದಿನ, ಮಧ್ಯಾಹ್ನ ಊಟದ ಹೊತ್ತು. ಅಕ್ಕ ಬೀದಿಗೆ ಬಂದು, "ಸ್ವಲ್ಪ ಹೊತ್ತು ಎಲ್ರೂ ಗೋಡೆ ನೋಡಿ ಮಾರಾಯ್ರೆ" ಎಂದರು. ಮೊದಲು ನಗು ಎದ್ದಿತು. ಆಮೇಲೆ ಹೋಟೆಲಿನವರು ಸೌಟು ಹಿಡಿದೇ ತಿರುಗಿ ನಿಂತರು. ಅಂಗಡಿಸಾಲು ತಿರುಗಿತು. ಬೈಕಿನವನೊಬ್ಬ ಇಂಜಿನ್ ಆರಿಸಿ ಮುಖ ಆಚೆ ಮಾಡಿದ. ನಾನೂ ಒಂದು ಹರಿದ ಪೋಸ್ಟರಿಗೆ ಮುಖಮಾಡಿ ನಿಂತೆ. ತಿರುಗಿ ನೋಡಬೇಕೆಂಬ ಆಸೆ ಕುತ್ತಿಗೆಯಲ್ಲಿ ಕಚಗುಳಿ ಇಡುತ್ತಿತ್ತು.

ಬೆನ್ನ ಹಿಂದೆ, ಖಾಲಿ ಡಬ್ಬಿಯ ಮೇಲೆ ಕೋಲು... ಟಕ್ ಟಕ್. ಆ ಸದ್ದು ಒಂದಿಷ್ಟು ಮುಂದೆ ಸರಿದು ನಿಂತಿತು. ಮತ್ತೆ ಟಕ್ ಟಕ್. ಟಾರಿನ ಮೇಲೆ ಉಗುರು ಗೀರಿದ ಸದ್ದು... ಅದೂ ನಿಂತಿತು. ಬಹಳ ಹೊತ್ತಿನ ಮೇಲೆ ಅಕ್ಕನ ಮನೆಯ ಬಾಗಿಲು ಕಿರ್ರೆಂದಿತು.

"ಈಗ ತಿರುಗಿ" ಎಂದರು ಅಕ್ಕ.

ರಸ್ತೆಯ ಮೇಲೆ ಬಿಳೀ ಹಿಟ್ಟಿನ ಪಾದಗಳ ಗುರುತು, ಅಂಕುಡೊಂಕಾಗಿ. ನಾವು ಕಂಡದ್ದು ಅಷ್ಟೇ.

ಅಕ್ಕ ಹೋಗಿ ಎರಡು ವರ್ಷವಾಗುತ್ತಾ ಬಂತು. ಹೇಳಿಕೊಳ್ಳುವ ಕಾಯಿಲೆಯೂ ಇರಲಿಲ್ಲ... ನಾಯಿ ಈಗ ಬೇಗಾರಿನಲ್ಲಿ, ಅವರ ತಂಗಿಯ ಮನೆಯಲ್ಲಿದೆ. ಕಳೆದ ತಿಂಗಳು ಹೋಗಿದ್ದೆ. ತಂಗಿ ಕಾಫಿಗೆ ಒಳಗೆ ಹೋದದ್ದೇ ತಡ, ಅದು ಬೆಂಚಿನಡಿಯಿಂದ ಬಂದು ನನ್ನ ಒಂದು ಚಪ್ಪಲಿ ಕಚ್ಚಿಕೊಂಡು ಬಾಲ ಎತ್ತಿ ಹಿತ್ತಿಲಿಗೆ ಓಡಿತು. ಆ ಕಳ್ಳತನವನ್ನು ಅಕ್ಕ ನೋಡಬೇಕಿತ್ತು. ಎಷ್ಟು ಹುಡುಕಿದರೂ ಚಪ್ಪಲಿ ಸಿಗಲಿಲ್ಲ. ಕೊನೆಗೆ ತಂಗಿಯ ಗಂಡನ ಹಳೆ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದೆ.