ಗಿಳಿಹಸಿರು ಕಲ್ಲು

ಸಿದ್ದಾಪುರದ ಗುಡ್ಡದಲ್ಲಿ ಸಿಕ್ಕ ಗಿಳಿಹಸಿರು ಕಲ್ಲನ್ನು ಮೊಳಕಾಲ್ಮೂರಿನ ಮನೆಗೆ ತರುವಷ್ಟರಲ್ಲಿ ನನ್ನ ಕೈ ಸೋತಿತ್ತು. ಸಣ್ಣ ಕಲ್ಲಿಗೆ ಅಷ್ಟೊಂದು ಭಾರ. ನೇಕಾರರಾದ ನಮಗೆ ಹಸಿರು ಕಂಡರೆ ಸೀರೆಯ ಅಂಚೇ ನೆನಪು. ರೇಷ್ಮೆಗೆ ಬಣ್ಣವಾದೀತೆಂದು ಅವ್ವ ಅರ್ಧ ಕಲ್ಲನ್ನು ಒರಳಿಗೆ ಹಾಕಿ ಕುಟ್ಟಿದಳು. ಪುಡಿ ಸುಣ್ಣದಂತೆ ಬೆಳ್ಳಗಾಯಿತು.

"ಬಣ್ಣ ಎಲ್ಲಿ ಹೋತಲೇ?" ಎಂದು ನನ್ನ ಮೇಲೆಯೇ ರೇಗಿದಳು.

ಉಳಿದ ಚೂರನ್ನು ಅಕ್ಕಸಾಲಿ ಗೆಳೆಯನ ಬಳಿಗೆ ಒಯ್ದೆ. ಅವನು ಅದನ್ನು ಇದ್ದಲಿನ ಮೇಲಿಟ್ಟು, ಊದುಗೊಳವೆಯಿಂದ ದೀಪದ ಉರಿಯನ್ನು ಹಾಯಿಸಿದ. ಕಲ್ಲು ಕರಗಿ ಗುಂಡಗಾಯಿತು. ಸುತ್ತ ಕೂತ ಹಳದಿ ಪುಡಿ ನೋಡಿ, "ಸೀಸ ಐತೆ ಇದ್ರಾಗೆ," ಎಂದ. ಅಷ್ಟರಲ್ಲಿ ತಣಿಯುತ್ತಿದ್ದ ಗುಂಡು, ಸಾಣೆ ಹಿಡಿದ ಹರಳಿನಂತೆ, ತಾನಾಗಿಯೇ ಚಪ್ಪಟೆ ಮುಖಗಳನ್ನು ತಳೆಯತೊಡಗಿತು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು.

ಅದನ್ನು ಹಿಡಿದು ಮನೆಗೆ ಓಡಿದೆ. ಅವ್ವ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ನಾಳೆ ಗುಡ್ಡಕ್ಕೆ ನಾನೂ ಬರ್ತೀನಿ," ಎಂದಳು. "ಒರಳು ಮುಟ್ಟಲ್ಲ."