ಇಫ್ತಿಕಾರನ ಅಳತೆ

ಚಳ್ಳಕೆರೆಯಲ್ಲಿ ನಾಗೇಂದ್ರಪ್ಪನನ್ನು ಎಲ್ಲರೂ ಇಂಜಿನಿಯರ್ ಎಂದೇ ಕರೆಯುತ್ತಿದ್ದರು. ಅವನೇನೂ ಇಂಜಿನಿಯರ್ ಅಲ್ಲ. ಐಟಿಐನಲ್ಲಿ ಎರಡು ವರ್ಷ ನಕ್ಷೆ ಬರೆಯುವುದನ್ನು ಕಲಿತವನು, ಅಷ್ಟೆ. ಮೊದಮೊದಲು ಯಾರಾದರೂ ಹಾಗೆ ಕರೆದರೆ ನಾಚಿಕೊಂಡು ತಿದ್ದುತ್ತಿದ್ದ. ಆಮೇಲೆ ತಿದ್ದುವುದನ್ನು ಬಿಟ್ಟ. ಹೊಗಳಿಕೆ ಬೆಲ್ಲದ ಹಾಗೆ. ಮೊದಲ ಚೂರನ್ನು ಬೇಡವೆಂದವನೇ ಎರಡನೆಯದಕ್ಕೆ ಕೈ ಚಾಚುತ್ತಾನೆ. ಐವತ್ತೆರಡನೆಯ ವಯಸ್ಸಿಗೆ ಬರುವ ಹೊತ್ತಿಗೆ ಅಂಗಡಿಯ ಬೋರ್ಡಿನ ಮೇಲೂ ಅದೇ ಪದ ಬಂದು ಕೂತಿತ್ತು.

ಆದರೆ ಮನುಷ್ಯ ಕೆಲಸಗಳ್ಳನಲ್ಲ. ಇಪ್ಪತ್ತೈದು ವರ್ಷ ಪೆನ್ಸಿಲ್ಲು, ಸ್ಕೇಲು ಹಿಡಿದು ಮನೆಗಳ ನಕ್ಷೆ ಬರೆದಿದ್ದ. ಆಗ ಅವನದೊಂದು ನೇಮವಿತ್ತು: ಸೈಟು ಮೆಟ್ಟಿ ಬರದೆ ಕಾಗದದ ಮೇಲೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ನೀರು ತುಂಬಿಸಿ, ಆ ತುದಿ ಗಾರೆಯವನ ಕೈಗೆ ಕೊಟ್ಟು, ಈ ತುದಿ ತಾನು ಹಿಡಿದು, ನೆಲದ ಏರು ತಗ್ಗನ್ನು ಬೆರಳಿನ ಅಳತೆಗೆ ಹಿಡಿಯುತ್ತಿದ್ದ. ಸೈಟಿನ ಸುತ್ತಲಿನ ಮುದುಕರನ್ನು ಮಾತಾಡಿಸಿ, ಮಳೆ ಬಂದಾಗ ನೀರು ಎತ್ತ ಹೋಗುತ್ತದೆ ಎಂದು ಕೇಳುತ್ತಿದ್ದ.

ಆಮೇಲೆ ಕಂಪ್ಯೂಟರ್ ಬಂತು. ಯಾರ ಹತ್ತಿರವೂ ಹೋಗದೆ, ಫೋನಿನಲ್ಲಿ ವೀಡಿಯೊ ನೋಡಿ ನೋಡಿಯೇ ಮನೆ ವಿನ್ಯಾಸದ ಸಾಫ್ಟ್‌ವೇರನ್ನು ಕಲಿತ. ಅದರಲ್ಲಿ ಮನೆ ಎದ್ದು ನಿಲ್ಲುತ್ತಿತ್ತು. ಬಾಗಿಲು ತೆರೆದು ಒಳಗೆ ನಡೆದಾಡಬಹುದಿತ್ತು. ಇನ್ನೂ ದೊಡ್ಡ ಸೋಜಿಗವೆಂದರೆ, ಸರ್ವೆ ಮಾಡಿದವರು ಕಳಿಸಿದ ಅಂಕಿಗಳ ಫೈಲನ್ನು ಅದರೊಳಗೆ ಹಾಕಿದರೆ ಸೈಟಿನ ನೆಲವೇ ಪರದೆಯ ಮೇಲೆ ಮೂಡಿ, ಎಲ್ಲಿ ಎತ್ತರ, ಎಲ್ಲಿ ತಗ್ಗು ಎಂಬುದನ್ನು ಬಣ್ಣದಲ್ಲಿ ತೋರಿಸುತ್ತಿತ್ತು. ಒಂದು ಗುಂಡಿ ಒತ್ತಿದರೆ ನೀರು ಹರಿಯುವ ದಾರಿ ನೀಲಿ ಗೆರೆಯಾಗಿ ಓಡುತ್ತಿತ್ತು. ಅಂದಿನಿಂದ ನಾಗೇಂದ್ರಪ್ಪನ ಚಪ್ಪಲಿ ಸವೆಯುವುದು ನಿಂತಿತು.

ಅವನಿಗೆ ಅಳತೆ ಮಾಡಿಕೊಡುತ್ತಿದ್ದವನು ರಾಂಪುರದ ಇಫ್ತಿಕಾರ್. ಮೆಕ್ಯಾನಿಕ್ ಇಮಾಮ್ ಸಾಬರ ಮಗ. ಅಪ್ಪನ ಗ್ಯಾರೇಜಿಗೆ ಇಳಿಯಲೊಲ್ಲದೆ, ಉಳ್ಳಾರ್ತಿ ಕಾವಲಿನ ಕಡೆ ಸರ್ವೆಯವರ ಹಿಂದೆ ಬಿಸಿಲಲ್ಲಿ ಕೋಲು ಹಿಡಿದು ನಿಂತು ಕೆಲಸ ಕಲಿತವನು. ಆರು ವರ್ಷ ದುಡಿದು, ಮೂರು ಕಾಲಿನ ಮೇಲೆ ನಿಲ್ಲುವ ಸ್ವಂತದ ಸರ್ವೆ ಮಿಷನ್ ಕೊಂಡಿದ್ದ. ಅದನ್ನು ಕೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡು ಬೈಕಿನಲ್ಲಿ ಓಡಾಡುತ್ತಿದ್ದ. ನಾಗೇಂದ್ರಪ್ಪನೆಂದರೆ ಅವನಿಗೆ ಗುರುವಿನಷ್ಟು ಗೌರವ.

ಕಳೆದ ವರ್ಷ ಮೊಳಕಾಲ್ಮೂರಿನಿಂದ ಗಂಗಲಕ್ಷ್ಮಿ ಎಂಬ ನೇಕಾರ ಹೆಂಗಸು ಮಗ ಸಾಯಿಕುಮಾರನೊಂದಿಗೆ ನಾಗೇಂದ್ರಪ್ಪನ ಅಂಗಡಿಗೆ ಬಂದಳು. ಅರವತ್ತು ದಾಟಿದವಳು, ನಲವತ್ತು ವರ್ಷದಿಂದ ರೇಷ್ಮೆ ಸೀರೆ ನೇಯುತ್ತಿದ್ದವಳು. ಗುಡ್ಡದ ಬುಡದಲ್ಲಿದ್ದ ಸೈಟಿನಲ್ಲಿ ಮನೆ ಕಟ್ಟಬೇಕಿತ್ತು. ಅವಳದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಗುಂಡಿಯನ್ನು ಗಟ್ಟಿ ನೆಲದಲ್ಲೇ ತೋಡಬೇಕು, ತುಂಬಿದ ಮಣ್ಣಿನಲ್ಲಿ ಮಗ್ಗದ ಕಂಬ ನಿಲ್ಲುವುದಿಲ್ಲ. ಹೀಗಾಗಿ ಮಗ್ಗದ ಕೋಣೆಯನ್ನು ಎತ್ತರಿಸುವಂತಿರಲಿಲ್ಲ. ಅದನ್ನು ಎಲ್ಲಿ ಇಡಬೇಕೆಂಬುದೇ ಆ ಮನೆಯ ಜೀವಾಳವಾಗಿತ್ತು.

ನಾಗೇಂದ್ರಪ್ಪ ಮುಂದುಗಡೆ ಚೆಂದದ ಹಾಲ್ ಹಾಕಿ, ಮಗ್ಗದ ಕೋಣೆಯನ್ನು ಹಿಂದೆ ವಾಯವ್ಯದ ಮೂಲೆಗೆ ತಳ್ಳಿದ್ದ. ಗಂಗಲಕ್ಷ್ಮಿ ಪರದೆಯನ್ನು ನೋಡಿ ತಲೆಯಾಡಿಸಿದಳು.

"ಹಿಂದಕ್ಕೆ ಬ್ಯಾಡ ನಾಯನಾ. ಗುಡ್ಡ ಮೂಡಲಕ್ಕೈತೆ, ನೀರೆಲ್ಲ ಪಡುವಣಕ್ಕೆ ಹೋಗ್ತೈತೆ. ಮಗ್ಗ ಮುಂದೇ ಇರ್ಲಿ."

ನಾಗೇಂದ್ರಪ್ಪ ನಕ್ಕ. ಆ ನಗು ನೆನಪಾದರೆ ಇವತ್ತಿಗೂ ಅವನಿಗೆ ಮೈ ಹಿಡಿಯಾಗುತ್ತದೆ. ಪರದೆಯನ್ನು ಅವಳ ಕಡೆ ತಿರುಗಿಸಿ ಗುಂಡಿ ಒತ್ತಿದ. ನೀಲಿ ಗೆರೆಗಳು ಬಡಗಣದಿಂದ ತೆಂಕಣಕ್ಕೆ ಓಡಿದವು.

"ನೋಡ್ರಮ್ಮ, ಬಡಗಣದ ಕಡೆ ಎತ್ತರ ಐತೆ. ವಾಯವ್ಯಕ್ಕೆ ಒಂದು ಹನಿ ನೀರು ಬರಲ್ಲ. ಕಣ್ಣು ಮೋಸ ಮಾಡ್ತೈತೆ, ಅಳತೆ ಮೋಸ ಮಾಡಲ್ಲ. ನೀವು ಸೀರೆ ನೇಯ್ರಿ, ನೆಲದ ವಿಚಾರ ನಮಗೆ ಬಿಡ್ರಿ."

ಅಂಗಡಿಯಲ್ಲಿ ಕೂತಿದ್ದ ಇಬ್ಬರು ನಕ್ಕರು. ಸಾಯಿಕುಮಾರನೂ ನಕ್ಕ. ಗಂಗಲಕ್ಷ್ಮಿ ಸೆರಗು ಸರಿಮಾಡಿಕೊಂಡು, "ಇರಬೌದು, ನಾನೇನು ಓದಿದವಳಾ" ಎಂದಳು. ಕೆಲಸ ಶುರುವಾದಾಗ ಮೇಸ್ತ್ರಿಯೂ ಒಮ್ಮೆ ಫೋನ್ ಮಾಡಿ, ಹಿಂದುಗಡೆ ತಗ್ಗಿರುವಂತೆ ಕಾಣುತ್ತದೆ ಎಂದಿದ್ದ. ಅಲ್ಲೆಲ್ಲ ಜಾಲಿ ಬೆಳೆದು ಮಣ್ಣಿನ ಗುಡ್ಡೆ ಬಿದ್ದಿದ್ದರಿಂದ ಅವನಿಗೂ ಖಾತ್ರಿಯಿರಲಿಲ್ಲ. ನಕ್ಷೆಯಲ್ಲಿ ಇದ್ದಂತೆ ಕಟ್ಟು ಎಂದು ನಾಗೇಂದ್ರಪ್ಪ ಫೋನಿಟ್ಟ. ಬಸ್ಸು ಹತ್ತಿದ್ದರೆ ಮಧ್ಯಾಹ್ನದ ಊಟಕ್ಕೆ ವಾಪಸ್ಸು ಬರಬಹುದಿತ್ತು, ಹತ್ತಲಿಲ್ಲ.

ಮನೆ ಎದ್ದಿತು, ಒಕ್ಕಲೂ ಆಯಿತು. ಮಗ್ಗ ಹೂಡಿ ಎರಡು ತಿಂಗಳಾಗಿತ್ತು. ಚಿತ್ತೆ ಮಳೆ ಒಂದು ಬೆಳಿಗ್ಗೆ ಗುಡ್ಡದ ಮೇಲೆ ಸುರಿಯಿತು. ಆ ಸೀಮೆಯ ಮಳೆ ಗೊತ್ತಲ್ಲ, ಬಾರದಿದ್ದರೆ ಬರುವುದೇ ಇಲ್ಲ, ಬಂದರೆ ಹೇಳದೆ ಕೇಳದೆ ಮನೆಯೊಳಕ್ಕೇ ಬರುತ್ತದೆ. ಗಂಗಲಕ್ಷ್ಮಿ ನೇಯುತ್ತ ಕೂತಿದ್ದಾಗ ಗುಂಡಿಯೊಳಗಿನ ಪಾದಕ್ಕೆ ತಣ್ಣಗೆ ಏನೋ ತಾಗಿತು. ಅವಳು ಎದ್ದು ಮೇಲೆ ಬರುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಗುಂಡಿಯ ಮಗ್ಗುಲು ಕುಸಿದು ಮಗ್ಗದ ಕಂಬ ವಾಲಿತು. ಪಕ್ಕದ ಬುಟ್ಟಿಯಲ್ಲಿದ್ದ ಕೆಂಪು ರೇಷ್ಮೆ ನೆನೆದು ಬಣ್ಣ ಬಿಟ್ಟಿತು.

ಸುದ್ದಿ ತಿಳಿದು ನಾಗೇಂದ್ರಪ್ಪ ಮಧ್ಯಾಹ್ನಕ್ಕೆ ಬಂದಾಗ ಓಣಿಯ ಜನ ಕೂಡಿದ್ದರು. ಆ ಸೈಟನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು. ಮೂಡಲ ದಿಕ್ಕಿಗೆ ಗುಡ್ಡ, ಪಡುವಣಕ್ಕೆ ಇಳಿಜಾರು; ಗಂಗಲಕ್ಷ್ಮಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗಿತ್ತು. ಸಾಯಿಕುಮಾರ್ ಎಲ್ಲರೆದುರು ಕೂಗಾಡಿದ. "ಏನ್ರೀ ಇಂಜಿನಿಯರೇ, ಅಳತೆ ಮೋಸ ಮಾಡಲ್ಲ ಅಂದ್ರಲ್ಲ? ಬಾಯಿ ಬಿಡ್ರಿ ಈಗ!"

ಅಷ್ಟು ಜನರ ಕಣ್ಣು ತನ್ನ ಮೇಲೆ ಬಿದ್ದಾಗ ನಾಗೇಂದ್ರಪ್ಪನ ಬಾಯಿಯಿಂದ ತಾನಾಗಿ ಬಂತು: "ನಾನೇನು ಮಾಡ್ಲಪ್ಪ, ನನಗೆ ಕೊಟ್ಟ ಅಳತೇನೇ ತಪ್ಪು. ಇಫ್ತಿಕಾರ್ ಎಡವಟ್ಟು ಮಾಡಿದಾನೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಜನರ ಸಿಟ್ಟು ಅಲ್ಲಿಂದಲೇ ರಾಂಪುರದ ಕಡೆ ತಿರುಗಿತು. ನಾಗೇಂದ್ರಪ್ಪನಿಗೆ ಒಬ್ಬರು ಚಾ ತಂದು ಕೊಟ್ಟರು. ಅವನು ಕುಡಿದ.

ಆ ಮಾತು ಆಡಿದಾಗ ಅದು ಸುಳ್ಳೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮರುದಿನ ಬೆಳಿಗ್ಗೆ, ಫೈಲನ್ನು ತೆರೆದು ನೋಡಿದಾಗ. ಇಫ್ತಿಕಾರ್ ಪ್ರತಿ ಸಾಲಿನಲ್ಲೂ ಮೊದಲು ಉತ್ತರದ ಅಳತೆ, ಆಮೇಲೆ ಪೂರ್ವದ್ದು, ಕೊನೆಗೆ ಎತ್ತರ ಬರೆದಿದ್ದ. ಸಾಫ್ಟ್‌ವೇರು ಮೊದಲ ಅಂಕಿಯನ್ನು ಪೂರ್ವವೆಂದು ತಿಳಿಯುತ್ತದೆ. ಫೈಲ್ ಹಾಕುವಾಗ 'ಯಾವುದು ಯಾವುದು ಹೇಳು' ಎಂದು ಅದು ಕೇಳಿತ್ತು. ನಾಗೇಂದ್ರಪ್ಪ ಓದದೆ ಒತ್ತಿ ಮುಂದಕ್ಕೆ ಹೋಗಿದ್ದ. ಉತ್ತರ ಪೂರ್ವ ಅದಲುಬದಲಾಗಿ, ಮೂಡಲ ಕಡೆಯ ಎತ್ತರ ಬಡಗಣಕ್ಕೂ, ಪಡುವಣದ ತಗ್ಗು ತೆಂಕಣಕ್ಕೂ ಹೋಗಿ ಕೂತಿತ್ತು. ಸೈಟು ಹೆಚ್ಚುಕಡಿಮೆ ಚೌಕವಾಗಿದ್ದರಿಂದ ಅಂಚಿನಲ್ಲಿ ಒಂದಡಿ ಮಾತ್ರ ಹೊಂದಿರಲಿಲ್ಲ. ಅದನ್ನೂ ಅವನು ಮೌಸಿನಲ್ಲಿ ಎಳೆದು ಕೂರಿಸಿದ್ದ.

ಫೋನ್ ತೆಗೆದು ಹಳೆಯ ಮೆಸೇಜು ಹುಡುಕಿದ. ಫೈಲಿನ ಜೊತೆಗೆ ಇಫ್ತಿಕಾರ್ ಬರೆದಿದ್ದ: 'ಅಣ್ಣಾ, ಇದರಾಗೆ ಉತ್ತರ ಮೊದ್ಲು ಐತೆ, ನೋಡ್ಕೊಳ್ರಿ.' ಅದಕ್ಕೆ ಇವನು ಹೆಬ್ಬೆಟ್ಟಿನ ಚಿತ್ರ ಕಳಿಸಿದ್ದ. ನಾಗೇಂದ್ರಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬಹಳ ಹೊತ್ತು ಕೂತ. ಈಗಲೇ ಫೋನ್ ಮಾಡಿ ಹೇಳಿಬಿಡಬೇಕು ಅನ್ನಿಸಿತು. ನಾಳೆ ಹೇಳೋಣ ಅಂತಲೂ ಅನ್ನಿಸಿತು. ಇಂಥ ಪಂಚಾಯಿತಿಯಲ್ಲಿ ನಾಳೆಯೇ ಗೆಲ್ಲುವುದು.

ನಾಲ್ಕನೆಯ ದಿನ ಇಫ್ತಿಕಾರ್ ತಾನೇ ಬಂದ. ಜಗಳಕ್ಕೆ ಬಂದಿದ್ದರೆ ನಾಗೇಂದ್ರಪ್ಪನಿಗೆ ಸುಲಭವಾಗುತ್ತಿತ್ತು. ಅವನು ಜಗಳಕ್ಕೆ ಬಂದಿರಲಿಲ್ಲ.

"ಅಣ್ಣಾ, ಮೊಳಕಾಲ್ಮೂರು ಬಸ್‌ಸ್ಟ್ಯಾಂಡಿನಾಗೆ ಆ ಗಂಗಲಕ್ಷ್ಮಮ್ಮ ನಾಲ್ಕು ಮಂದಿ ಮುಂದೆ ಬೈದ್ರು. ಬೈಲಿ, ಅವರ ಹೊಟ್ಟೆ ಉರಿದೈತೆ. ನಾನು ಹೋಗಿ ಇನ್ನೊಂದು ಸಲ ಅಳೆದು ಬಂದೆ. ಅದೇ ಅಂಕಿ ಬಂತು. ನನಗೆ ತಿಳೀವಲ್ದು. ಎಲ್ಲಿ ತಪ್ಪೈತೆ ಅಂತ ನೀವೇ ತೋರಿಸ್ರಿ."

ಫೈಲು ಇಬ್ಬರ ಎದುರಿಗೇ ಪರದೆಯ ಮೇಲೆ ತೆರೆದಿತ್ತು. ನಾಗೇಂದ್ರಪ್ಪ ಅದನ್ನು ಮುಚ್ಚಿದ. "ಮಿಷನ್ನೇ ಕೆಟ್ಟಿರಬೇಕು ಕಣೋ. ಒಂದ್ಸಲ ಚೆಕ್ ಮಾಡ್ಸು" ಎಂದ. ಹೇಳುವಾಗ ಅವನ ದನಿ ತೀರಾ ಸಾಮಾನ್ಯವಾಗಿತ್ತು. ಇಷ್ಟು ನಯವಾಗಿ ಸುಳ್ಳಾಡಬಲ್ಲೆ ಎಂಬುದು ಅವನಿಗೆ ಅಂದೇ ತಿಳಿದದ್ದು, ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಇಫ್ತಿಕಾರ್ 'ಆಗ್ಲಿ ಅಣ್ಣಾ' ಎಂದು ಹೊರಟುಹೋದ.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರೆ. ಒಂದೂವರೆ ತಿಂಗಳು ನಾಗೇಂದ್ರಪ್ಪ ಹಾಗೇ ಬದುಕಿದ. ರಾಂಪುರದ ಕಡೆಯ ಬೈಕು ಕಂಡರೆ ಒಳಗೆ ಹೋಗುತ್ತಿದ್ದ. ಹೆಂಡತಿ ತಿಪ್ಪೇರುದ್ರಮ್ಮ ಮೈಗೆ ಹುಷಾರಿಲ್ಲವೇ ಎಂದು ಕೇಳಿದರೆ ರೇಗುತ್ತಿದ್ದ. ಒಂದು ದಿನ ಕೊಂಡ್ಲಹಳ್ಳಿಯ ಗಿರಾಕಿಯೊಬ್ಬ ಬಂದು, "ಆ ಸಾಬರ ಹುಡುಗ ತಪ್ಪು ಅಳೀತಾನಂತೆ, ಬೇರೆಯೋರನ್ನ ಕರೀರಿ" ಎಂದ. ನಾಗೇಂದ್ರಪ್ಪ ತಲೆಯಾಡಿಸಿದ. ಗಿರಾಕಿ ಹೋದ ಮೇಲೆ, ಹೌದೆಂದು ಆಡಿದ ತನ್ನ ತಲೆಯನ್ನು ತಾನೇ ಚಚ್ಚಿಕೊಳ್ಳಬೇಕೆನಿಸಿತು. ಅಂಗಡಿಗೆ ಬೀಗ ಹಾಕಿ ಮೊಳಕಾಲ್ಮೂರಿನ ಬಸ್ಸು ಹತ್ತಿದ.

ಗಂಗಲಕ್ಷ್ಮಿ ಹಾಲಿನಲ್ಲಿ ಕೂತು, ಬಣ್ಣ ಬಿಟ್ಟ ರೇಷ್ಮೆಯಲ್ಲಿ ಉಳಿಯುವ ಎಳೆಗಳನ್ನು ಬಿಡಿಸುತ್ತಿದ್ದಳು. ನಾಗೇಂದ್ರಪ್ಪ ಕೂರದೆ, ನಿಂತುಕೊಂಡೇ ಎಲ್ಲವನ್ನೂ ಹೇಳಿದ. ತಪ್ಪು ತನ್ನದು, ಇಫ್ತಿಕಾರನ ಅಳತೆ ಸರಿಯಿತ್ತು, ಮರುದಿನವೇ ಗೊತ್ತಾಗಿದ್ದರೂ ಬಾಯಿ ಬಿಡಲಿಲ್ಲ ಎಂದ. ಒಳಗಿನಿಂದ ನುಗ್ಗಿ ಬಂದ ಸಾಯಿಕುಮಾರನನ್ನು ಅವಳು, "ಊರುಕೋರಾ" ಎಂದು ಮನೆಮಾತಾದ ತೆಲುಗಿನಲ್ಲೇ, ಸುಮ್ಮನಿರುವಂತೆ ಗದರಿ ನಿಲ್ಲಿಸಿದಳು.

"ಮಗ್ಗ ಇನ್ನೊಂದು ಹೂಡ್ತೀನಿ ಬಿಡು," ಎಂದಳು ನಾಗೇಂದ್ರಪ್ಪನಿಗೆ. "ನಿನ್ನ ಮಾತು ನಂಬಿ ಆ ಹುಡುಗನ್ನ ಬಾಯಿಗೆ ಬಂದಂಗೆ ಬೈದೆನಲ್ಲ, ಅದನ್ನ ಹೆಂಗೆ ವಾಪಸ್ ತಗಳ್ಳಿ? ನಿನ್ನ ನಾಚಿಕೆಗೇಡಿನಾಗೆ ನನಗೂ ಪಾಲು ಕೊಟ್ಟೆ. ಮೊದ್ಲು ಹೋಗಬೇಕಾಗಿದ್ದ ಮನೆ ಬಿಟ್ಟು ಇಲ್ಲಿಗೆ ಯಾಕೆ ಬಂದೆ?"

ಇಲ್ಲಿಗೆ ಬರುವುದು ಸಲೀಸಾಗಿತ್ತು, ಅದಕ್ಕೇ ಬಂದಿದ್ದ. ಅದು ಅವಳಿಗೂ ಗೊತ್ತಾಗಿತ್ತು. ಅವನು ತಲೆ ತಗ್ಗಿಸಿಕೊಂಡು ರಾಂಪುರದ ದಾರಿ ಹಿಡಿದ.

ಇಮಾಮ್ ಸಾಬರ ಗ್ಯಾರೇಜು ಬಳ್ಳಾರಿ ರಸ್ತೆಯಲ್ಲೇ ಇತ್ತು. ಟ್ರ್ಯಾಕ್ಟರಿನ ಕೆಳಗಿನಿಂದ ಎರಡು ಕಾಲು ಚಾಚಿದ್ದವು. ಹೆಸರು ಹಿಡಿದು ಕರೆದಾಗ ಇಫ್ತಿಕಾರ್ ಹೊರಕ್ಕೆ ಸರಿದು ಬಂದ. ಮೊಣಕೈವರೆಗೂ ಗ್ರೀಸ್ ಮೆತ್ತಿತ್ತು. "ಬರ್ರಿ ಅಣ್ಣಾ, ಕೂತ್ಕೊಳ್ರಿ" ಎಂದು ಬೆಂಚನ್ನು ಬಟ್ಟೆಯಲ್ಲಿ ಒರೆಸಿದ.

ನಾಗೇಂದ್ರಪ್ಪ ಹೇಳಿದ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಉತ್ತರ ಮೊದಲು ಎಂದು ನೀನು ಬರೆದಿದ್ದೆ, ನಾನು ನೋಡಲಿಲ್ಲ ಎಂದು ಒಪ್ಪಿಕೊಂಡ. "ನಿನ್ನ ಮಿಷನ್ ಸರಿಯಾಗೇ ಐತೆ ಕಣಪ್ಪಾ. ನಾಳೆಯಿಂದ ಎಲ್ಲ ಕೆಲಸಕ್ಕೂ ನೀನೇ ಬಾ. ಊರಿಗೆಲ್ಲ ನಾನೇ ಹೇಳ್ತೀನಿ" ಎಂದ.

ಇಫ್ತಿಕಾರ್ ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸತೊಡಗಿದ.

"ಮಿಷನ್ ಇಲ್ಲಣ್ಣಾ, ಮಾರಿಬಿಟ್ಟೆ. ನೀವು ಹೇಳಿದಂಗೆ ದಾವಣಗೆರೆಗೆ ಒಯ್ದು ಚೆಕ್ ಮಾಡಿಸ್ದೆ. ಏನೂ ಕೆಟ್ಟಿಲ್ಲ, ಸರಿಯಾಗೈತೆ ಅಂದ್ರು ಅವರು. ಆದ್ರೆ ನೀವು ಕೆಟ್ಟೈತೆ ಅಂದಿದ್ರಿ. ಅವರಿಗಿಂತ ನಿಮಗೇ ಜಾಸ್ತಿ ಗೊತ್ತು ಅಂತ ನಂಬಿದೆ. ತಪ್ಪು ಅಳೆಯೋ ಮಿಷನ್ ಇಟ್ಕೊಂಡು ಇನ್ನೊಬ್ಬರ ಮನೆ ಯಾಕೆ ಮುಳುಗಿಸ್ಬೇಕು ಅನ್ನಿಸ್ತು. ತಗೊಂಡೋನಿಗೂ ಹೇಳಿದೀನಿ, ಇದು ತಪ್ಪು ತೋರಿಸ್ತೈತಪ್ಪ, ನೋಡ್ಕೊಂಡು ಬಳಸು ಅಂತ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಬರಲೆಂದು ನಾಗೇಂದ್ರಪ್ಪ ಕಾದ, ಬರಲಿಲ್ಲ. ಒಳಗಿನಿಂದ ಇಮಾಮ್ ಸಾಬರು ಮಗನನ್ನು ಕೂಗಿದರು. ಇಫ್ತಿಕಾರ್ "ಬಂದೆ ಅಬ್ಬಾ" ಎಂದು ಮತ್ತೆ ಟ್ರ್ಯಾಕ್ಟರಿನ ಕೆಳಕ್ಕೆ ಸರಿದ. ನಾಗೇಂದ್ರಪ್ಪ, ತನಗಾಗಿ ಒರೆಸಿಟ್ಟಿದ್ದ ಬೆಂಚಿನ ಮೇಲೆ ಕೂರಲಾರದೆ, ಬಿಸಿಲಿನಲ್ಲೇ ನಿಂತಿದ್ದ.